ಬೈಗುಳ ತೆಗೆದರೆ ಜೋಕ್ ಉಳಿಯುತ್ತಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದ ವಿ. ಅವರಿಗೆ 26 ವರ್ಷ. ಹಗಲು ಕಂಪನಿ ಕೆಲಸ, ಸಂಜೆ ಸ್ಟ್ಯಾಂಡ್-ಅಪ್. ಮನೆಮಂದಿಯೆಲ್ಲ ಕೂತು ಕೇಳುವಂಥ ಕಾಮಿಡಿಯಲ್ಲೇ ಬದುಕು ಕಟ್ಟಿಕೊಳ್ಳುವ ಆಸೆ. ಆದರೆ ಯಾರು ಬೇಕಾದರೂ ವೇದಿಕೆ ಹತ್ತಿ ಜೋಕ್ ಹೇಳಬಹುದಾದ ಓಪನ್ ಮೈಕ್‌ನಲ್ಲಿ ಬೇರೆಯವರು ಒಂದು ಬೈಗುಳ ಬಿಟ್ಟರೆ ಸಾಕು, ಜನ ಬಿದ್ದು ಬಿದ್ದು ನಗುತ್ತಾರೆ. ಅದನ್ನು ನೋಡಿ ಇವರೂ ಬೈಗುಳ ಸೇರಿಸತೊಡಗಿದ್ದರು. "ನಗು ಬರುತ್ತೆ ಮೇಡಂ. ಆದ್ರೆ ಆ ವಿಡಿಯೊ ಅಮ್ಮನಿಗೆ ತೋರಿಸೋಕಾಗಲ್ಲ" ಅಂದರು.

ಮಾತಾಡುತ್ತಾ ಹೋದಂತೆ ಮೂಲ ಸಿಕ್ಕಿತು. ಜನ ನಗದೆ ಕೂತ ಆ ಎರಡು ಸೆಕೆಂಡ್ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ಜೋಕ್ ಬಿದ್ದುಹೋದರೆ ತಾನೇ ಕೆಲಸಕ್ಕೆ ಬಾರದವನು ಅಂದುಕೊಳ್ಳುತ್ತಿದ್ದರು.

ಒಂದು ಜೋಕ್ ಹೇಳಿ ಅಂದೆ. ಅಪ್ಪ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಆಮೇಲೆ ಫೋನ್ ಮಾಡಿ ಅದನ್ನೇ ಪೂರ್ತಿ ಹೇಳುತ್ತಾರೆ. ಕೊನೆಗೊಂದು ಬೈಗುಳ. ಅದನ್ನು ತೆಗೆದರೆ ಅಲ್ಲಿ ಏನಿರುತ್ತೆ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಫೋನ್ ಇಟ್ಟ ಮೇಲೆ ಇನ್ನೊಂದು ಮೆಸೇಜ್ ಬರುತ್ತೆ: 'ಫೋನ್ ಮಾಡಿದ್ದೆ, ನೋಡು'" ಅಂದರು. ನಾನು ಜೋರಾಗಿ ನಕ್ಕುಬಿಟ್ಟೆ. ಪಂಚ್ ಅವರ ಹತ್ತಿರವೇ ಇತ್ತು, ಬೈಗುಳ ಸುಲಭಕ್ಕೆ ಸಿಗುತ್ತಿದ್ದರಿಂದ ಹುಡುಕಿರಲಿಲ್ಲ, ಅಷ್ಟೇ.

ನಾನು ಕೊಟ್ಟ ಸಲಹೆ ಇದು. ಪ್ರತಿ ಸಲವೂ ರೆಕಾರ್ಡ್ ಮಾಡಿ, ಯಾವ ಪದಕ್ಕೆ ನಗು ಬಂತು ಅಂತ ಗುರುತು ಹಾಕಿ. ಬೈಗುಳಕ್ಕೆ ಮಾತ್ರ ನಗು ಬಂದಿದ್ದರೆ ಆ ಜೋಕ್ ಇನ್ನೂ ಹುಟ್ಟಿಲ್ಲ. ಒಬ್ಬರ ಮೈಬಣ್ಣ, ದಪ್ಪ, ಜಾತಿ ಹಿಡಿದು ಆಡಿಕೊಳ್ಳುವುದೂ ಕೊಳಕೇ ಅಲ್ವಾ? ಅದನ್ನೂ ಬಿಡಿ. ಓಪನ್ ಮೈಕ್‌ನ 5 ನಿಮಿಷ ಗಟ್ಟಿಯಾಗುವವರೆಗೆ ಕೆಲಸ ಬಿಡಬೇಡಿ. ಕಂಪನಿ ಸಮಾರಂಭ, ಕುಟುಂಬದ ಕಾರ್ಯಕ್ರಮ ನಡೆಸುವವರು ದೂರು ಬರದಂಥ ಕಲಾವಿದರನ್ನೇ ಹುಡುಕುತ್ತಾರೆ. ದುಡಿಮೆಗೆ ಅದು ಒಳ್ಳೆಯ ದಾರಿ. ಯಾವ ವಿಷಯ ಬೇಡ ಅಂತ ಮೊದಲೇ ಬರೆಸಿಕೊಳ್ಳಿ.

ಗೆಳೆಯರು "ಇದು ಮಕ್ಕಳ ಕಾಮಿಡಿ" ಅಂತ ರೇಗಿಸುತ್ತಾರಂತೆ. ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಯ 2025ರ ಸಮಾರಂಭ ನಡೆಸಿಕೊಟ್ಟ ಅಲ್ಲಿನ ಕಾಮಿಡಿಯನ್ ನೇಟ್ ಬರ್ಗಾಟ್ಸಿ ಹೆಸರು ಮಾಡಿದ್ದೇ ಕೆಟ್ಟ ಮಾತಿಲ್ಲದ ಕಾಮಿಡಿಯಿಂದ. ಅದನ್ನು ನೆನಪಿಸಿದೆ.

ಕಳೆದ ಸಲ ಬಂದಾಗ ಖುಷಿಯಲ್ಲಿದ್ದರು. ಒಂದು ಆಫೀಸಿನವರು 20 ನಿಮಿಷ ಕೇಳಿದ್ದಾರೆ, ಇವರ ಹತ್ತಿರ ಗಟ್ಟಿಯಾಗಿ ಇರುವುದು 12. ಉಳಿದದ್ದಕ್ಕೆ ಹಳೆಯ ಜೋಕ್ ತುಂಬಿಸಲೇ ಅಂತ ಕೇಳಿದರು. ಬೇಡ, ಇರುವ ವಿಷಯ ಹೇಳಿ 12ಕ್ಕೇ ಒಪ್ಪಿಸಿ ಅಂದೆ.