ಗೇಲಿಕ್ ಗೊತ್ತಿಲ್ಲದೆ ಜೋ ಹೀನಿ ಹಾಡು ಕೇಳಬಹುದಾ?

ನೀವು ಕೇಳಿರುವುದು ಎರಡು ವಿಷಯ. ಐರ್ಲೆಂಡಿನ ಹಳೇ ಭಾಷೆಯಾದ ಐರಿಶ್ ಗೇಲಿಕ್‌ನಲ್ಲೂ ಇಂಗ್ಲಿಷಿನಲ್ಲೂ ಹಾಡುವ ಹಳೇ ಕಾಲದ ಜಾನಪದ ಗಾಯಕರಲ್ಲಿ ಯಾರಿಂದ ಶುರು ಮಾಡಬೇಕು, ಮತ್ತೆ ಗೇಲಿಕ್‌ನ ಒಂದಕ್ಷರವೂ ಬಾರದವರಿಗೆ ಆ ಹಾಡುಗಳಿಂದ ಏನಾದರೂ ದಕ್ಕುತ್ತದಾ. ಮೊದಲನೆಯದಕ್ಕೆ ನನ್ನ ಉತ್ತರ ಜೋ ಹೀನಿ, ಯೋಚನೆ ಮಾಡುವ ಮಾತೇ ಇಲ್ಲ. ಎರಡನೆಯದಕ್ಕೆ: ಭಾಷೆ ಬಾರದಿದ್ದರೂ ನಡೆಯುತ್ತದೆ, ಹಾಡಿನ ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಈ ಮಾತು ಗೇಲಿಕ್ ಚೆನ್ನಾಗಿ ಬಲ್ಲವರಿಗೂ ಅನ್ವಯಿಸುತ್ತದೆ.

ಆತ ಯಾರು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1919ರಲ್ಲಿ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮೆರಾ ಸೀಮೆಯ ಕಾರ್ನಾದಲ್ಲಿ. ಊರವರ ಬಾಯಲ್ಲಿ ಶೋಸಾವ್ ಓ ಹೇನಿ. ಮಣ್ಣಿಗಿಂತ ಬಂಡೆಯೇ ಹೆಚ್ಚಿರುವ ನೆಲ ಅದು, ಆದರೆ ಹಾಡಿಗೆ ಮಾತ್ರ ಬರ ಇರಲಿಲ್ಲ. ಜಾನಪದ ಸಂಗ್ರಾಹಕ ಶೇಮಸ್ ಎನ್ನಿಸ್ 1940ರ ದಶಕದಲ್ಲಿ ಆ ಭಾಗದ ಒಬ್ಬನೇ ಒಬ್ಬ ಹಾಡುಗಾರನಿಂದ 200ಕ್ಕೂ ಹೆಚ್ಚು ಹಾಡು ಬರೆದುಕೊಂಡಿದ್ದಾನೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಹೀನಿ 1942ರಲ್ಲಿ ರಾಷ್ಟ್ರೀಯ ಗೇಲಿಕ್ ಉತ್ಸವದಲ್ಲಿ ಮೊದಲ ಬಹುಮಾನ ತೆಗೆದುಕೊಂಡ. ಬಹುಮಾನದಿಂದ ಹೊಟ್ಟೆ ತುಂಬೀತೇ? ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಲ್ಲಿ ಕೂಲಿ ಮಾಡಿದ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಕರೆ ಬಂತು. ಅಮೆರಿಕದ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬೈಸಿಕೊಂಡದ್ದು ಅದೇ ವರ್ಷದ ಉತ್ಸವದಲ್ಲಿ. ಅಲ್ಲಿಗೇ ಗಿಟಾರೂ ಇಲ್ಲದೆ, ತಂಬೂರಿಯೂ ಇಲ್ಲದೆ ಬರಿಗಂಟಲಲ್ಲಿ ಹಾಡಲು ಹೋದವನು ಈತ. ಆಮೇಲೆ ನ್ಯೂಯಾರ್ಕಿನಲ್ಲೇ ನೆಲೆ ನಿಂತು, ಸೆಂಟ್ರಲ್ ಪಾರ್ಕ್ ಪಕ್ಕದ ಶ್ರೀಮಂತರ ಅಪಾರ್ಟ್‌ಮೆಂಟಿನಲ್ಲಿ ಯೂನಿಫಾರ್ಮ್ ತೊಟ್ಟು ಡೋರ್‌ಮನ್ ಕೆಲಸ ಮಾಡಿದ. ಕೊನೆಗಾಲದಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಪಾಠ ಹೇಳಲು ಕರೆಸಿಕೊಂಡಿತು. 1982ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು, 1984ರಲ್ಲಿ ತೀರಿಕೊಂಡ.

ಈಗ ಕಥೆಯ ವಿಷಯಕ್ಕೆ ಬರೋಣ. ಡಬ್ಲಿನರ್ಸ್ ಎಂಬ ಐರಿಶ್ ಜಾನಪದ ತಂಡದ ‘ಸೆವೆನ್ ಡ್ರಂಕನ್ ನೈಟ್ಸ್’ ನಿಮ್ಮ ಕಿವಿಗೆ ಬಿದ್ದಿರಬಹುದು. 1967ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 7ನೇ ಸ್ಥಾನದವರೆಗೂ ಹೋಗಿತ್ತು. ಹೆಸರಿಗೆ ಏಳು ರಾತ್ರಿ, ಹಾಡುವುದು ಐದೇ. ಉಳಿದೆರಡು ತೀರಾ ಪೋಲಿ. ಗಂಡ ದಿನಾ ಕುಡಿದು ಮನೆಗೆ ಬರುತ್ತಾನೆ. ಒಂದು ದಿನ ಬಾಗಿಲಲ್ಲಿ ಯಾರದೋ ಕುದುರೆ, ಇನ್ನೊಂದು ದಿನ ಯಾರದೋ ಕೋಟು, ಮತ್ತೊಂದು ದಿನ ಮಂಚದ ಕೆಳಗೆ ಯಾರದೋ ಬೂಟು. ಹೆಂಡತಿಯದು ಒಂದೇ ವರಸೆ: ಕುಡುಕ ಮುಂಡೇದೇ, ಅದು ಕುದುರೆಯಲ್ಲ, ಅಮ್ಮ ಕಳಿಸಿದ ಹಂದಿ. ಸರಿ, ಹಂದಿಗೆ ಜೀನು ಯಾಕೆ ಅಂತ ಇವನು. ಐದನೇ ರಾತ್ರಿ ಹಾಸಿಗೆಯಲ್ಲಿ ಒಂದು ತಲೆ ಕಾಣುತ್ತದೆ. ಅದು ಅಮ್ಮ ಕಳಿಸಿದ ಮಗು ಅಂತಾಳೆ. ಊರೂರು ತಿರುಗಿದೀನಿ, ಗಡ್ಡಮೀಸೆ ಇರೋ ಮಗು ಮಾತ್ರ ನೋಡಿಲ್ಲ ಅಂತಾನೆ. ಪಬ್‌ನಲ್ಲಿ ಎಲ್ಲರೂ ಮೇಜು ಬಡಿದು ನಗುವ ಹಾಡು.

ಡಬ್ಲಿನರ್ಸ್‌ಗೆ ಇದು ಸಿಕ್ಕಿದ್ದು ಹೀನಿಯಿಂದ. ಆದರೆ ಹೀನಿಯ ಬಳಿ ಇದಕ್ಕೊಂದು ಗೇಲಿಕ್ ದಾಯಾದಿಯೂ ಇತ್ತು, ‘ಪೆಗಿನ್ ಇಸ್ ಪ್ಯಾಡರ್’. ಪೆಗಿನ್ ಹೆಂಡತಿ, ಪ್ಯಾಡರ್ ಗಂಡ. ಅದರಲ್ಲೂ ಪಕ್ಕದಲ್ಲಿ ಮಲಗಿರುವವನು ಯಾರು ಅಂತ ಗಂಡ ಕೇಳುತ್ತಾನೆ, ಮಗು ಅನ್ನುವ ಉತ್ತರ ಬರುತ್ತದೆ, ಗಡ್ಡವಿರುವ ಮಗು ಎಲ್ಲೂ ಕಂಡಿಲ್ಲ ಅನ್ನುವ ಮಾತೂ ಬರುತ್ತದೆ. ಚರಣಗಳನ್ನಷ್ಟೇ ಅನುವಾದ ಮಾಡಿಕೊಂಡು ಓದಿದರೆ ಅದೇ ಪೋಲಿ ಜೋಕು. ಹೀನಿ ಹಾಡುವುದಕ್ಕೆ ಮೊದಲು ಹೇಳುತ್ತಿದ್ದ ಕಥೆ ಬೇರೆಯೇ. ಪ್ಯಾಡರ್ ಮದುವೆಯಾಗಿ ಸ್ವಲ್ಪ ಕಾಲಕ್ಕೇ ಕೂಲಿ ಹುಡುಕಿ ಹೊರಟವನು, ವರ್ಷಗಟ್ಟಲೆ ದುಡಿದ. ಯಜಮಾನ ಸಂಬಳದ ಬದಲು ಬುದ್ಧಿಮಾತು ಕೊಟ್ಟು ಕಳಿಸಿದ. ರಾತ್ರಿ ಹೊತ್ತು ಮಾಡಿ ಬೆಳಿಗ್ಗೆ ಪಶ್ಚಾತ್ತಾಪ ಪಡುವಂಥ ಕೆಲಸ ಮಾಡಬೇಡ ಅನ್ನೋದು ಅದರಲ್ಲೊಂದು. ಕತ್ತಲಲ್ಲಿ ಮನೆ ಸೇರಿದರೆ ಹೆಂಡತಿ ಪಕ್ಕದಲ್ಲಿ ಗಡ್ಡದ ಗಂಡಸು. ಕೈ ಎತ್ತಬೇಕು ಅನ್ನುವಷ್ಟರಲ್ಲಿ ಆ ಮಾತು ನೆನಪಾಗುತ್ತದೆ, ತಡೆದುಕೊಳ್ಳುತ್ತಾನೆ. ಮಲಗಿದ್ದವನು ಇವನು ಹೊರಟ ಮೇಲೆ ಹುಟ್ಟಿದ ಮಗ. ಅವಳು ಹೇಳಿದ್ದು ಅಕ್ಷರಶಃ ನಿಜ, ಅದು ಮಗುವೇ! ಇಷ್ಟು ಗೊತ್ತಿದ್ದು ಕೇಳಿದರೆ ಆ ಗಡ್ಡದ ಸಾಲಿಗೆ ನಗುವೇ ಬರುವುದಿಲ್ಲ.

ಗೇಲಿಕ್ ಹಾಡುಗಳು ಬಹುಪಾಲು ಹೀಗೇ. ಇಂಗ್ಲಿಷ್ ಲಾವಣಿ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಒಪ್ಪಿಸುತ್ತದೆ. ಗೇಲಿಕ್ ಹಾಡು ಕಥೆಯ ನಡುವೆ ಸಿಕ್ಕಿಬಿದ್ದವರ ಸಂಕಟವನ್ನಷ್ಟೇ ಹಿಡಿಯುತ್ತದೆ, ಉಳಿದದ್ದು ಒಲೆ ಸುತ್ತ ಕೂತವರಿಗೆ ಮೊದಲೇ ಗೊತ್ತಿತ್ತು. ‘ಕಾಸು ಅನ್ ತೂಗಾನ್’ ತೆಗೆದುಕೊಳ್ಳಿ. ಯಾವ ಗ್ರಹಚಾರ ನನ್ನನ್ನು ಈ ಊರಿಗೆ ತಂದು ಹಾಕಿತೋ ಅಂತ ಒಬ್ಬ ಗೋಳಾಡುತ್ತಾನೆ. ಏನಾಯಿತು? ಮಗಳ ಹಿಂದೆ ಬಿದ್ದ ಅಲೆಮಾರಿ ಕವಿಯನ್ನು ಓಡಿಸಲು ತಾಯಿ ಅವನ ಕೈಗೆ ಹುಲ್ಲು ಕೊಟ್ಟು ಹಗ್ಗ ಹೊಸೆಯಲು ಹೇಳಿದಳು. ಹಗ್ಗ ಉದ್ದವಾದಂತೆ ಹೊಸೆಯುವವನು ಹಿಂದೆ ಹಿಂದೆ ಸರಿಯಬೇಕಲ್ಲ, ಸರಿಯುತ್ತ ಸರಿಯುತ್ತ ಹೊಸಿಲು ದಾಟಿದ, ಇವಳು ಬಾಗಿಲು ಹಾಕಿಕೊಂಡಳು.

ಕಥೆ ಎಲ್ಲರಿಗೂ ಗೊತ್ತಿರುವ ಹಾಡೂ ಒಂದಿದೆ, ನಾನು ಯಾರಿಗಾದರೂ ಮೊದಲು ಕೇಳಿಸುವುದು ಅದನ್ನೇ: ‘ಕೀನಾ ನಾ ದ್ರೀ ಮುಯಿರೆ’, ಮೂವರು ಮೇರಿಯರ ಶೋಕ. ಶಿಲುಬೆಯ ಮೇಲಿರುವ ಆ ಗಂಡಸು ಯಾರು ಅಂತ ಯೇಸುವಿನ ತಾಯಿ ಮೇರಿ ಕೇಳುತ್ತಾಳೆ. ಅಮ್ಮಾ, ನಿನ್ನ ಮಗನ ಗುರುತೇ ಸಿಗಲಿಲ್ಲವಾ ಅನ್ನುತ್ತದೆ ಶಿಲುಬೆ ಮೇಲಿನ ದನಿ. ನಾನು ಒಂಬತ್ತು ತಿಂಗಳು ಹೊತ್ತ ಕಂದ ಇವನೇನಾ ಅಂತ ಮತ್ತೆ ಅವಳು. ಪ್ರತಿ ಸಾಲಿಗೂ ‘ಓಖೋನ್ ಅಗಸ್ ಓಖೋನ್ ಓ’ ಅನ್ನುವ ಅಳು ಬರುತ್ತದೆ, ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದ ಪದ್ಧತಿಯ ಪಳೆಯುಳಿಕೆ ಅದು. ಹೀನಿ ಅಳುವುದಿಲ್ಲ. ದನಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಒಂದೊಂದು ಅಕ್ಷರಕ್ಕೆ ಪುಟ್ಟ ಗಮಕ ಕೊಟ್ಟು, ತಾಳದ ಹಂಗಿಲ್ಲದೆ, ಮಾತಿಗೆ ಬೇಕಾದಷ್ಟು ಎಳೆದು ಮುಂದೆ ಹೋಗುತ್ತಾನೆ. ಈ ಶೈಲಿಗೆ ಷಾನ್ ನೋಸ್ ಅನ್ನುತ್ತಾರೆ. ಮೂಗಿನಿಂದ ಬರುವ ಆ ದನಿ ಮೊದಮೊದಲು ಹಿಡಿಸದಿರಬಹುದು, ಗಾಬರಿ ಬೀಳಬೇಡಿ.

ಇಂಗ್ಲಿಷಿನಲ್ಲಿ ಕೇಳಬೇಕಾದದ್ದು ‘ದಿ ರಾಕ್ಸ್ ಆಫ್ ಬಾನ್’. ಕಲ್ಲು ನೆಲ ಉಳಲಾರದ ಕೂಲಿಯಾಳು, ಒಲೆ ಮುಂದೆ ಕಾಲು ಚಾಚಿ ಕೂತ ಸ್ವೀನಿ ಎಂಬವನಿಗೆ ಶಾಪ ಹಾಕುತ್ತಾನೆ. ಇದಕ್ಕಿಂತ ಇಂಗ್ಲೆಂಡಿನ ರಾಣಿ ಸೈನ್ಯಕ್ಕೆ ಕರೆದರೂ ಹೋದೇನು ಅನ್ನುತ್ತಾನೆ. ಇಂಗ್ಲೆಂಡಿನ ಆಳ್ವಿಕೆ ಉಂಡ ಒಬ್ಬ ಐರಿಶ್‌ನ ಬಾಯಲ್ಲಿ ಆ ಮಾತು ಬರಬೇಕಾದರೆ ನೆಲ ಎಂಥದ್ದಿರಬೇಕು! ಬೇರೆಯವರು ಇದನ್ನು ಬ್ಯಾಂಜೋ ಜೊತೆ ಹಾಡಿದ್ದಾರೆ, ನನಗೆ ರುಚಿಸಲಿಲ್ಲ. ಹೀನಿ ಗೇಲಿಕ್ ಹಾಡಿಗೆ ಕೊಡುವ ಗಮಕವನ್ನೇ ಇಂಗ್ಲಿಷಿಗೂ ಕೊಡುತ್ತಾನೆ. ಅರ್ಥವಾಗುವ ಮಾತಿನಲ್ಲಿ ಆ ಶೈಲಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎಲ್ಲಿಂದ ಶುರು ಅಂದರೆ ‘ದಿ ರೋಡ್ ಫ್ರಮ್ ಕಾನಮೆರಾ’ ಎಂಬ ಜೋಡಿ ಸಿ.ಡಿ. ಹುಡುಕಿ. ಜಾನಪದ ಗಾಯಕರಾದ ಇವಾನ್ ಮೆಕಾಲ್ ಮತ್ತು ಪೆಗಿ ಸೀಗರ್ 1964ರಲ್ಲಿ ಅವನನ್ನು ಕೂರಿಸಿಕೊಂಡು ಮಾಡಿದ ಸಂದರ್ಶನ, ಹಾಡಿನ ಜೊತೆ ಮಾತೂ ಇದೆ, ಮಾತು ಇಂಗ್ಲಿಷಿನಲ್ಲೇ ಇದೆ. ಇಂಗ್ಲೆಂಡಿನ ಟಾಪಿಕ್ ಎಂಬ ರೆಕಾರ್ಡ್ ಕಂಪನಿ 1963ರಲ್ಲಿ ತಂದ ಅವನ ರೆಕಾರ್ಡನ್ನು ಎಲ್ಲರೂ ಹೊಗಳುತ್ತಾರೆ, ಹಾಡುಗಾರಿಕೆ ಅದರಲ್ಲೇ ಇನ್ನೂ ಬಿಗಿ. ಆದರೂ ಅದು ಎರಡನೆಯದಾಗಿರಲಿ.