ದೈವಶಾಸ್ತ್ರದ ಓದು ಸಭೆಗಳನ್ನು ಹತ್ತಿರ ತರಬಲ್ಲದೇ?

ಪ್ರಶ್ನೆ: ನಾನು ಕಥೋಲಿಕ ಕುಟುಂಬದವಳು, ವೃತ್ತಿಯಿಂದ ಶಿಕ್ಷಕಿ. ನನ್ನ ಅಕ್ಕನನ್ನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಯವರ ಮನೆಗೆ ಮದುವೆ ಮಾಡಿಕೊಟ್ಟ ಮೇಲೆ, ಮಾತೆ ಮರಿಯಮ್ಮನ ವಿಷಯಕ್ಕೋ ಸಂತರ ವಿಷಯಕ್ಕೋ ಎರಡೂ ಮನೆಯವರ ನಡುವೆ ಆಗಾಗ ಮಾತು ಬೆಳೆಯುತ್ತದೆ. ಇಬ್ಬರಿಗೂ ತಿಳಿಸಿ ಹೇಳುವಷ್ಟು ದೈವಶಾಸ್ತ್ರ ಓದಬೇಕೆಂಬ ಆಸೆ ನನಗಿದೆ. ಅಪ್ಪ ಮಾತ್ರ, ‘ಅದು ಫಾದರ್‌ಗಳು ಓದುವಂಥದ್ದು, ನೀನು ಓದಿದರೆ ಇದ್ದ ವಿಶ್ವಾಸವೂ ಸಡಿಲವಾದೀತು’ ಎನ್ನುತ್ತಾರೆ. ನಾನು ಓದಬಹುದೇ? ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಧಾರಾಳವಾಗಿ ಓದಬಹುದು. 1983ರ ಕಥೋಲಿಕ ಧರ್ಮಸಭಾ ಕಾನೂನಿನ 229ನೇ ವಿಧಿಯು, ಗುರುಗಳಲ್ಲದ ಶ್ರೀಸಾಮಾನ್ಯ ವಿಶ್ವಾಸಿಗಳಿಗೂ ಧರ್ಮಸಭೆಯ ವಿದ್ಯಾಸಂಸ್ಥೆಗಳಲ್ಲಿ ದೈವಶಾಸ್ತ್ರ ಓದಿ ಪದವಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಅದಕ್ಕೂ ಮೊದಲೇ, 1964ರ ನವೆಂಬರ್ 21ರಂದು ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕ್ರೈಸ್ತ ಐಕ್ಯದ ಆದೇಶಪತ್ರವು, ಬೇರೆ ಸಭೆಗಳವರ ಬೋಧನೆ, ಇತಿಹಾಸ, ಆರಾಧನೆ ಮತ್ತು ಭಕ್ತಿಜೀವನವನ್ನು ಕಥೋಲಿಕರು ಸತ್ಯನಿಷ್ಠೆಯಿಂದ ಅಧ್ಯಯನ ಮಾಡಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ತಂದೆಯವರಿಗೆ ಈ ಎರಡನ್ನೂ ತೋರಿಸಿ.

ಹಾಗೆಂದು ಅವರ ಆತಂಕವನ್ನು ತಳ್ಳಿಹಾಕಬೇಡಿ. ತನ್ನ ಸಭೆ ಏನನ್ನು ಕಲಿಸುತ್ತದೆ ಎಂಬುದೇ ಗೊತ್ತಿಲ್ಲದೆ ಸಂವಾದಕ್ಕೆ ಹೊರಟವರು, ಎದುರಿನವರ ಮೊದಲ ಪ್ರಶ್ನೆಗೇ ತಬ್ಬಿಬ್ಬಾಗುತ್ತಾರೆ. ಆದ್ದರಿಂದ ಮೊದಲು ನಿಮ್ಮ ಸಭೆಯ ಬೋಧನೆಯನ್ನು ಗಟ್ಟಿಮಾಡಿಕೊಳ್ಳಿ. ಅನಂತರ ಪ್ರೊಟೆಸ್ಟೆಂಟರನ್ನು ಅವರದೇ ವಿಶ್ವಾಸ ಪ್ರಮಾಣಗಳಿಂದ, ಅವರದೇ ಪ್ರಾರ್ಥನಾ ಪುಸ್ತಕಗಳಿಂದ ತಿಳಿದುಕೊಳ್ಳಿ. ಅವರ ವಿರುದ್ಧ ಬರೆದ ಕರಪತ್ರಗಳಿಂದ ಬೇಡ. ನಿಮ್ಮ ಅಕ್ಕನ ಅತ್ತೆಯವರು ನಂಬುವುದನ್ನು ನೀವು ಅವರ ಮುಂದೆಯೇ ವಿವರಿಸಿದಾಗ, ‘ಹೌದು, ನಾವು ನಂಬುವುದು ಇದನ್ನೇ’ ಎಂದು ಅವರು ಒಪ್ಪಿಕೊಂಡರೆ ನಿಮ್ಮ ಓದು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ.

ನಿಮ್ಮ ಮನೆಗಳಲ್ಲಿ ಎದ್ದಿರುವ ಮರಿಯಮ್ಮನ ಪ್ರಶ್ನೆಯನ್ನೇ ನೋಡೋಣ. ‘ಕನ್ಯಾ ಮರಿಯಳಿಂದ ಹುಟ್ಟಿದ’ ಯೇಸುವನ್ನು ನಂಬುತ್ತೇವೆಂದು ಎರಡೂ ಸಭೆಗಳವರು ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾರೆ. ಲೂಕನ ಶುಭಸಂದೇಶದಲ್ಲಿರುವ ಮರಿಯಮ್ಮನ ಸ್ತುತಿಗೀತೆಗೆ, ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ 1521ರಲ್ಲಿ ಭಕ್ತಿಪೂರ್ಣವಾದ ವ್ಯಾಖ್ಯಾನವನ್ನೇ ಬರೆದರು. ಇತ್ತ ಕಥೋಲಿಕ ಬೋಧನೆಯೂ ದೇವರೊಬ್ಬರಿಗೇ ಸಲ್ಲುವ ಆರಾಧನೆಯನ್ನು ಮರಿಯಮ್ಮನಿಗೆ ಮತ್ತು ಸಂತರಿಗೆ ಸಲ್ಲಿಸುವ ಗೌರವದಿಂದ ಬೇರೆಯಾಗಿಯೇ ಇಟ್ಟಿದೆ. ನಿಜವಾದ ಭಿನ್ನಾಭಿಪ್ರಾಯ ಇರುವುದು ಸಂತರಲ್ಲಿ ಬೇಡಿಕೊಳ್ಳಬಹುದೇ ಎಂಬಲ್ಲಿ, ಹಾಗೂ 1854ರಲ್ಲಿ ಮತ್ತು 1950ರಲ್ಲಿ ಪೋಪರು ಘೋಷಿಸಿದ ಎರಡು ಸಿದ್ಧಾಂತಗಳಲ್ಲಿ: ಮರಿಯಮ್ಮ ಜನ್ಮಪಾಪವಿಲ್ಲದೆ ಉದ್ಭವಿಸಿದರು ಎಂಬುದು ಮೊದಲನೆಯದು, ಆತ್ಮಶರೀರಗಳೆರಡರಿಂದಲೂ ಸ್ವರ್ಗಕ್ಕೆ ಒಯ್ಯಲ್ಪಟ್ಟರು ಎಂಬುದು ಎರಡನೆಯದು. ಜಗಳ ಯಾವುದರ ಬಗ್ಗೆ ಎಂಬುದು ಇಷ್ಟು ನಿಖರವಾಗಿ ಗೊತ್ತಾದರೆ, ಊಟದ ಹೊತ್ತಿನಲ್ಲಿ ಏಳುವ ಅರ್ಧಕ್ಕಿಂತ ಹೆಚ್ಚು ಮಾತು ತಾನಾಗಿ ತಣ್ಣಗಾಗುತ್ತದೆ. ಇನ್ನೊಂದು ವ್ಯತ್ಯಾಸ ಬೈಬಲಿನದೇ: ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕರದರಲ್ಲಿ 73. ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕರು ಆಧಾರವಾಗಿ ತೋರಿಸುವ ಮಕ್ಕಬಿಯರ ಎರಡನೆಯ ಗ್ರಂಥ ಆ ಹೆಚ್ಚಿನ ಏಳರಲ್ಲಿ ಸೇರಿದೆ ಎಂಬುದನ್ನೂ ನೆನಪಿನಲ್ಲಿಡಿ.

ಇಂಥ ಓದಿನಿಂದ ಏನು ಸಾಧ್ಯ ಎಂಬುದಕ್ಕೆ ನಾನು ಸದಾ ಮುಂದಿಡುವ ಉದಾಹರಣೆ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರ್ ಪರಂಪರೆಯ ಸಭೆಗಳ ಲೂಥರನ್ ವಿಶ್ವ ಒಕ್ಕೂಟ ಸಹಿ ಹಾಕಿದ ಜಂಟಿ ಘೋಷಣೆ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದು ಅದರ ವಿಷಯ. 16ನೇ ಶತಮಾನದಲ್ಲಿ ಪಾಶ್ಚಾತ್ಯ ಸಭೆ ಒಡೆದದ್ದು ಮುಖ್ಯವಾಗಿ ಇದೇ ಪ್ರಶ್ನೆಯ ಮೇಲೆ. ಘೋಷಣೆಯಲ್ಲಿರುವುದು 44 ಪರಿಚ್ಛೇದಗಳು ಮಾತ್ರ. ಅದರ ನಡುಭಾಗದಲ್ಲಿ ಏಳು ವಿಷಯಗಳನ್ನು ಎತ್ತಿಕೊಂಡು, ಪ್ರತಿಯೊಂದರಲ್ಲೂ ‘ನಾವು ಒಟ್ಟಾಗಿ ಒಪ್ಪಿಕೊಳ್ಳುತ್ತೇವೆ’ ಎಂಬ ಮಾತನ್ನು ಮೊದಲು ಬರೆದು, ಅದನ್ನು ಲೂಥರನ್ನರು ಹೇಗೆ ವಿವರಿಸುತ್ತಾರೆ, ಕಥೋಲಿಕರು ಹೇಗೆ ವಿವರಿಸುತ್ತಾರೆ ಎಂಬುದನ್ನು ಬೇರೆಬೇರೆಯಾಗಿ ಕೊಟ್ಟಿದ್ದಾರೆ. ಯಾರೂ ತಮ್ಮ ಮಾತನ್ನು ನುಂಗಿಕೊಂಡಿಲ್ಲ. ಆದರೆ ಅಲ್ಲಿ ವಿವರಿಸಿರುವ ಬೋಧನೆಗೆ, 16ನೇ ಶತಮಾನದಲ್ಲಿ ಪರಸ್ಪರರ ಮೇಲೆ ಹೊರಡಿಸಿದ್ದ ಹಳೆಯ ಖಂಡನೆಗಳು ಅನ್ವಯಿಸುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದಾರೆ.

ಇದು ಸುಲಭವಾಗಿ ಆದದ್ದಲ್ಲ. 1998ರಲ್ಲಿ ಕರಡನ್ನು ವಿರೋಧಿಸಿ ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟೆಂಟ್ ಪ್ರಾಧ್ಯಾಪಕರು ದನಿಯೆತ್ತಿದರು. ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಹೌದು ಎಂಬ ಲೂಥರನ್ ಮಾತಿಗೆ ವ್ಯಾಟಿಕನ್ ತಕರಾರು ತೆಗೆಯಿತು. ಮತ್ತೆ ಕುಳಿತು ಅನುಬಂಧವೊಂದನ್ನು ಬರೆದ ಮೇಲೆಯೇ ಸಹಿ ಬಿದ್ದದ್ದು. ನಿಮ್ಮ ಅಕ್ಕನ ಮನೆಗೂ ಇದಕ್ಕೂ ನೇರ ಸಂಬಂಧವಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದಯಿಸಿದ ಸಿ.ಎಸ್.ಐ. ಸಭೆಯಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪರಂಪರೆಗಳು ಕೂಡಿಕೊಂಡವು. ಮೆಥಡಿಸ್ಟರ ವಿಶ್ವಮಂಡಳಿ 2006ರಲ್ಲಿ ಈ ಘೋಷಣೆಯೊಂದಿಗೆ ಕೈಜೋಡಿಸಿತು, ಆಂಗ್ಲಿಕನ್ನರ ಸಲಹಾ ಮಂಡಳಿ 2016ರಲ್ಲಿ ಅದರ ಸಾರವನ್ನು ಒಪ್ಪಿತು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳೂ ಇರುವ ಸುಧಾರಿತ ಸಭೆಗಳ ವಿಶ್ವ ಒಕ್ಕೂಟ 2017ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಸೇರಿಕೊಂಡಿತು. ನಮ್ಮ ಎಷ್ಟೋ ಸಭಿಕರ ಕಿವಿಗೆ ಈ ಸುದ್ದಿ ಇನ್ನೂ ಬಿದ್ದಿಲ್ಲವೆಂಬುದು ನನ್ನ ನೋವು.

ಓದುವ ಜಾಗಕ್ಕೆ ನಿಮ್ಮ ಕಡೆ ಕೊರತೆಯಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಪರಂಪರೆಯ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಅದೇ ಊರಿನ ಜೆಪ್ಪುವಿನಲ್ಲಿ ಕಥೋಲಿಕ ಗುರುಗಳನ್ನು ತಯಾರುಮಾಡುವ ಸಂತ ಜೋಸೆಫರ ಸೆಮಿನರಿ ಇದೆ. ಬೆಂಗಳೂರಿನಲ್ಲಿ ಕಥೋಲಿಕರ ಧರ್ಮಾರಾಮ ವಿದ್ಯಾಕ್ಷೇತ್ರವೂ, 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜೂ ಇವೆ. ಕೆಲಸ ಬಿಡಲಾಗದವರಿಗೆ, ದೈವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್‌ನ ಬಾಹ್ಯ ಕೋರ್ಸುಗಳಿವೆ. ಪ್ರವೇಶದ ನಿಯಮಗಳನ್ನು ಆಯಾ ಕಚೇರಿಯಲ್ಲೇ ವಿಚಾರಿಸಿಕೊಳ್ಳಿ. ನನ್ನ ಒಂದೇ ಸಲಹೆ: ಯಾವ ಸಂಸ್ಥೆ ಸೇರಿದರೂ, ಇನ್ನೊಂದು ಸಭೆಯ ಪ್ರಾಧ್ಯಾಪಕರ ಪಾಠವನ್ನು ಸ್ವಲ್ಪಕಾಲವಾದರೂ ಎದುರಿಗೆ ಕುಳಿತು ಕೇಳಿ, ಏಕೆಂದರೆ ಪುಸ್ತಕವನ್ನು ಪ್ರಶ್ನಿಸಿದರೆ ಅದು ಉತ್ತರ ಕೊಡುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಸಂವಾದ ನಡೆದರೂ ಕಥೋಲಿಕ ಚರ್ಚಿನ ಬಲಿಪೂಜೆಯಲ್ಲಿ ನಮಗೆ ಪರಮಪ್ರಸಾದ (ಕ್ರಿಸ್ತನ ಶರೀರ-ರಕ್ತವೆಂದು ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸ) ಸಿಗುವುದಿಲ್ಲ. ಹಾಗಾದರೆ ಪಂಡಿತರ ಓದಿನಿಂದ ಸಿಕ್ಕಿದ್ದೇನು?
– ಸಿ.ಎಸ್.ಐ. ಸಭಿಕರೊಬ್ಬರು, ಧಾರವಾಡ

ಉತ್ತರ: ಸಿಕ್ಕಿದ್ದರಲ್ಲಿ ದೊಡ್ಡದು ದೀಕ್ಷಾಸ್ನಾನದ ಪರಸ್ಪರ ಮನ್ನಣೆ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ವಿಧಿವತ್ತಾಗಿ ನಿಮಗಾದ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪುತ್ತದೆ, ಮತ್ತೊಮ್ಮೆ ಕೊಡುವುದಿಲ್ಲ. ಪರಮಪ್ರಸಾದದ ವಿಷಯ ಬೇರೆ. ಅದು ಸಭೆಯ ಪೂರ್ಣ ಐಕ್ಯದ ಗುರುತು ಎಂಬುದು ಕಥೋಲಿಕ ಬೋಧನೆ. ಅದನ್ನು ನಡೆಸುವವರ ಗುರುದೀಕ್ಷೆಯ (ಗುರುವಾಗಿ ಅಭಿಷೇಕಿಸುವ ವಿಧಿಯ) ಬಗ್ಗೆ ಒಮ್ಮತ ಇನ್ನೂ ಮೂಡಿಲ್ಲ. ಮರಣಾಪಾಯದಂಥ ಸಂದರ್ಭದಲ್ಲಿ, ಕೆಲವು ಷರತ್ತುಗಳ ಮೇಲೆ ಕೊಡಲು ಕಥೋಲಿಕ ಧರ್ಮಸಭಾ ಕಾನೂನಿನ 844ನೇ ವಿಧಿಯಲ್ಲಿ ಅವಕಾಶವಿದೆ. ಈ ಅಗಲಿಕೆ ನೋವಿನದೆಂದು ನಾನೂ ಒಪ್ಪುತ್ತೇನೆ, ಆದರೆ ಕಾರಣವನ್ನು ಬಗೆಹರಿಸದೆ ನೋವನ್ನು ಮಾತ್ರ ಮುಚ್ಚಿಡುವುದು ಸರಿಯಲ್ಲ.

ಉಳಿದ ಗಂಟು ಅಧಿಕಾರ ಮತ್ತು ಗುರುದೀಕ್ಷೆಯದು, ಅಲ್ಲಿಯೂ ಕೆಲಸ ನಿಂತಿಲ್ಲ. ಪೋಪರ ಸೇವೆ ಎಲ್ಲರಿಗೂ ಒಪ್ಪಿಗೆಯಾಗುವ ರೀತಿಯಲ್ಲಿ ಹೇಗೆ ನಡೆಯಬಹುದೆಂದು ತಮ್ಮೊಂದಿಗೆ ಕೂಡಿ ಆಲೋಚಿಸುವಂತೆ ಪೋಪ್ ಎರಡನೇ ಜಾನ್ ಪಾಲ್ 1995ರಲ್ಲಿ ಇತರ ಸಭೆಗಳ ನಾಯಕರನ್ನೂ ದೈವಶಾಸ್ತ್ರಜ್ಞರನ್ನೂ ಕೇಳಿಕೊಂಡರು. ಬಂದ ಉತ್ತರಗಳನ್ನು ಕ್ರೋಡೀಕರಿಸಿದ ಅಧ್ಯಯನವನ್ನು ವ್ಯಾಟಿಕನ್ 2024ರಲ್ಲಿ ಪ್ರಕಟಿಸಿತು. ನಿಮ್ಮ ಊರಿನ ಮಟ್ಟಿಗಾದರೆ, ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯ ಪ್ರಾರ್ಥನಾ ವಾರದಲ್ಲಿ ಎರಡೂ ಸಭೆಗಳ ಕೆಲವರು ಒಟ್ಟಿಗೆ ಕುಳಿತು, ಬೇರೆಬೇರೆ ಸಭೆಗಳ ದೈವಶಾಸ್ತ್ರಜ್ಞರು ಒಟ್ಟಾಗಿ ರೂಪಿಸಿದ 1982ರ ಲೀಮಾ ದಾಖಲೆಯಲ್ಲಿ ದೀಕ್ಷಾಸ್ನಾನದ ಭಾಗವನ್ನಾದರೂ ಓದಿ ಚರ್ಚಿಸಿ. ಅದರಲ್ಲಿ 23 ಪುಟ್ಟ ಪರಿಚ್ಛೇದಗಳಷ್ಟೇ ಇವೆ.