ಸಂಪಾದಕರ ಉತ್ತರ: ಶೇಕಡ 30 ಎಂದರೆ ಯಾವುದರಲ್ಲಿ?

ಮಾನ್ಯರೇ,

ಗಂಗಾವತಿಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಪ್ರಾಚೀನ ಡಿಎನ್‌ಎ ಕುರಿತು ನಾವು ಪ್ರಕಟಿಸಿದ ಲೇಖನದಲ್ಲಿ ಪೆರು ದೇಶದ ಮೂರು ಬೆರಳಿನ ಮಮ್ಮಿಗಳ ಪ್ರಸ್ತಾಪವೇ ಇಲ್ಲವೆಂದು ನೀವು ಆಕ್ಷೇಪಿಸಿದ್ದೀರಿ. ಮೆಕ್ಸಿಕೊದ ಸಂಸತ್ತಿನಲ್ಲಿಯೇ ತೋರಿಸಲಾದ, ಡಿಎನ್‌ಎಯ ಶೇಕಡ 30ರಷ್ಟು ಭಾಗ ಭೂಮಿಯ ಯಾವ ಜೀವಿಗೂ ಹೊಂದುವುದಿಲ್ಲವೆಂದು ಹೇಳಲಾದ ಈ ದೇಹಗಳ ವಿಷಯವನ್ನು ವಿಜ್ಞಾನಿಗಳು ಮುಚ್ಚಿಡುತ್ತಿದ್ದಾರೆಯೇ, ಪತ್ರಿಕೆಯೂ ಅದಕ್ಕೆ ಕೈಜೋಡಿಸಿದೆಯೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಚಿಲಿ ದೇಶದಲ್ಲಿ ಸಿಕ್ಕಿದ, ಗೇಣುದ್ದವೂ ಇಲ್ಲದ ಅಸ್ಥಿಪಂಜರ ಯಾರದು ಎಂಬುದು ಎರಡನೆಯದು. ನಿಮ್ಮೂರಿನ ಪಕ್ಕದ ಹಿರೇಬೆಣಕಲ್ಲಿನ ಮೋರೇರ ಬೆಟ್ಟದಲ್ಲಿ ನಿಮಗೆ ದೊರೆತ ಮೂಳೆಯ ಚೂರೊಂದನ್ನು ಪರೀಕ್ಷೆಗೆ ಎಲ್ಲಿಗೆ ಕಳುಹಿಸಬೇಕು ಎಂಬುದು ಕೊನೆಯದು. ಮೂರಕ್ಕೂ ಇಲ್ಲಿಯೇ ಉತ್ತರಿಸುತ್ತೇನೆ. ಮೊದಲನೆಯದಕ್ಕೆ ಜಾಗ ಹೆಚ್ಚು ಬೇಕು, ಏಕೆಂದರೆ ಇಡೀ ಗೊಂದಲ ಹುಟ್ಟಿರುವುದೇ ಶೇಕಡ 30 ಎಂಬ ಆ ಒಂದು ಅಂಕಿಯಿಂದ.

ಸಂಸತ್ತಿನಲ್ಲಿ ತೋರಿಸಿದ್ದು ನಿಜ. 2023ರ ಸೆಪ್ಟೆಂಬರ್ 12ರಂದು ಪತ್ರಕರ್ತ ಹೈಮೆ ಮೌಸಾನ್ ಅವರು ಎರಡು ಪುಟ್ಟ ಪೆಟ್ಟಿಗೆಗಳಲ್ಲಿ ಎರಡು ಒಣಗಿದ ಆಕೃತಿಗಳನ್ನು ಮೆಕ್ಸಿಕೊದ ಜನಪ್ರತಿನಿಧಿಗಳ ಮುಂದಿಟ್ಟು, ಇವು ನಮ್ಮ ಭೂಮಿಯ ವಿಕಾಸಕ್ಕೆ ಸೇರಿದವಲ್ಲ ಎಂದು ಪ್ರತಿಪಾದಿಸಿದರು. ಆದರೆ ಸಭೆಯೊಂದರಲ್ಲಿ ಮಂಡನೆಯಾದ ಮಾತ್ರಕ್ಕೆ ಸಂಗತಿ ರುಜುವಾತಾಗುವುದಿಲ್ಲ ಎಂಬುದನ್ನು ನಮ್ಮ ವಿಧಾನಸಭೆಯ ಕಲಾಪಗಳನ್ನು ಕಂಡಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದು ಆಧಾರವಾಗಿ ಹೆಸರಿಸಲಾದ ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯವು ಕೂಡಲೇ ಸ್ಪಷ್ಟನೆ ಕೊಟ್ಟಿತು: 2017ರಲ್ಲಿ ತನ್ನ ಪ್ರಯೋಗಾಲಯಕ್ಕೆ ಬಂದ ಮಾದರಿಗಳ ವಯಸ್ಸನ್ನು ಕಾರ್ಬನ್ ವಿಧಾನದಿಂದ ಅಳೆದುಕೊಟ್ಟದ್ದಷ್ಟೇ ತನ್ನ ಕೆಲಸ, ಅವು ಯಾವುದರ ಮಾದರಿಗಳು ಎಂಬ ಬಗ್ಗೆ ತಾನು ಯಾವ ತೀರ್ಮಾನವನ್ನೂ ಹೇಳಿಲ್ಲ. ಚರ್ಮದ ಚೂರು ಸಾವಿರ ವರ್ಷ ಹಳೆಯದಾದರೆ ಇಡೀ ದೇಹವೂ ಸಾವಿರ ವರ್ಷ ಹಳೆಯದೇ ಆಗಬೇಕೆಂದಿಲ್ಲ. ಕೆಡವಿದ ತೊಟ್ಟಿಮನೆಯ ತೇಗದ ತೊಲೆಯಿಂದ ಹೋದ ತಿಂಗಳು ಮಾಡಿಸಿದ ಕುರ್ಚಿಯನ್ನು ಪರೀಕ್ಷೆಗೆ ಕೊಟ್ಟರೆ, ಮರದ ವಯಸ್ಸು ತಿಳಿದೀತೇ ಹೊರತು ಬಡಗಿ ಅದನ್ನು ಜೋಡಿಸಿದ ದಿನ ತಿಳಿಯುವುದಿಲ್ಲ.

ಜೋಡಣೆಯ ಮಾತು ಸುಮ್ಮನೆ ಬಂದದ್ದಲ್ಲ. ಇದೇ ಗುಂಪಿನ ಆಕೃತಿಯೊಂದರ ಸ್ಕ್ಯಾನ್ ಚಿತ್ರಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಅದರ ತಲೆಯು ಲಾಮಾ ಎಂಬ ಪ್ರಾಣಿಯ ಮಿದುಳುಗೂಡನ್ನು ಹೋಲುತ್ತದೆ ಎಂದು ತೋರಿಸಿತು. 2023ರ ಅಕ್ಟೋಬರ್‌ನಲ್ಲಿ ಲಿಮಾ ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಂಡ ಎರಡು ಆಕೃತಿಗಳನ್ನು ಪರೀಕ್ಷಿಸಿದ ಪೆರುವಿನ ವಿಧಿವಿಜ್ಞಾನ ತಜ್ಞರು, ಅವು ಪ್ರಾಣಿಗಳ ಮೂಳೆಗಳನ್ನು ಇಂದಿನ ಕೃತಕ ಅಂಟಿನಿಂದ ಕೂಡಿಸಿ ಮಾಡಿದ ಬೊಂಬೆಗಳು ಎಂದು 2024ರ ಜನವರಿಯಲ್ಲಿ ಘೋಷಿಸಿದರು. ಮೆಕ್ಸಿಕೊದಲ್ಲಿ ತೋರಿಸಿದವು ಇವೇ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮ್ಮ ಮುಂದಿನ ಪತ್ರದಲ್ಲಿ ನೀವೇ ಅದನ್ನು ಎತ್ತಿ ತೋರಿಸುತ್ತೀರಿ.

ಈಗ ಆ ಶೇಕಡ 30ಕ್ಕೆ ಬರೋಣ. ಇದು ಯಾವುದರಲ್ಲಿ 30 ಎಂದು ಕೇಳದೆ ಮುಂದೆ ಹೋಗಬಾರದು. ಹಳೆಯ ಮೂಳೆಯಿಂದ ಡಿಎನ್‌ಎ ತೆಗೆಯುವ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಒಳಕಿವಿಯನ್ನು ಸುತ್ತುವರಿದಿರುವ, ದೇಹದಲ್ಲಿಯೇ ಬಹಳ ಗಟ್ಟಿಯಾದ ಮೂಳೆಯನ್ನೋ ಒಂದು ಹಲ್ಲನ್ನೋ ಆರಿಸಿಕೊಂಡು, ಹೊರಮೈಯನ್ನು ಉಜ್ಜಿ ತೆಗೆದು, ದಂತವೈದ್ಯರು ಬಳಸುವಂತಹ ಸಣ್ಣ ಬೈರಿಗೆಯಿಂದ ಕೊರೆದು, ಚಿಟಿಕೆಯಷ್ಟು ಪುಡಿಯನ್ನು ಸಂಗ್ರಹಿಸುತ್ತಾರೆ. ಕೊರೆಯುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ ನಿಲುವಂಗಿ, ಮುಖವಾಡ, ಒಂದರ ಮೇಲೊಂದು ಕೈಗವಸು ಧರಿಸಿರುತ್ತಾರೆ. ಮೇಜನ್ನು ಬ್ಲೀಚಿನಿಂದ ಒರೆಸಿ, ಕೋಣೆಗೆ ನೇರಳಾತೀತ ಬೆಳಕು ಹಾಯಿಸಿರುತ್ತಾರೆ. ಇಷ್ಟೆಲ್ಲ ಜಾಗ್ರತೆಯ ನಂತರವೂ ಆ ಪುಡಿಯಲ್ಲಿರುವುದು ಸತ್ತವರ ಡಿಎನ್‌ಎ ಒಂದೇ ಅಲ್ಲ. ಶತಮಾನಗಳ ಕಾಲ ಆ ಮೂಳೆಯೊಳಗೆ ಸಂಸಾರ ಹೂಡಿದ ಬ್ಯಾಕ್ಟೀರಿಯಗಳದ್ದು, ಬೂಷ್ಟಿನದ್ದು, ಅಗೆದವರದ್ದು, ಮುಟ್ಟಿದವರದ್ದು, ಎಲ್ಲವೂ ಅಲ್ಲಿರುತ್ತದೆ. ಅನೇಕ ಮೂಳೆಗಳಲ್ಲಿ ಸತ್ತ ವ್ಯಕ್ತಿಯ ಸ್ವಂತ ಪಾಲು ಶೇಕಡ ಒಂದಕ್ಕಿಂತಲೂ ಕಡಿಮೆ.

ಡಿಎನ್‌ಎ ಓದುವ ಯಂತ್ರಕ್ಕೆ ಈ ಭೇದ ತಿಳಿಯದು. ಅದು ಎಲ್ಲ ತುಣುಕುಗಳನ್ನೂ ಓದಿಕೊಡುತ್ತದೆ, ಆಮೇಲೆ ಕಂಪ್ಯೂಟರ್ ಒಂದೊಂದನ್ನೂ ಈಗಾಗಲೇ ಗೊತ್ತಿರುವ ಜೀವಿಗಳ ಡಿಎನ್‌ಎ ಸಂಗ್ರಹದೊಡನೆ ಹೋಲಿಸುತ್ತದೆ. ಹಳೆಯ ಮನೆಯ ಅಟ್ಟದಿಂದ ಗೆದ್ದಲು ತಿಂದ ಕಡತದ ಪೆಟ್ಟಿಗೆಯನ್ನು ಇಳಿಸಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಅಜ್ಜನ ಜಮೀನು ಪತ್ರದ ಚೂರುಗಳಿವೆ, ಯಾರೋ ಹಾಕಿಟ್ಟ ದಿನಸಿ ಚೀಟಿಯಿದೆ, ಪಂಚಾಂಗದ ಹರಕಿದೆ, ಮೂರಕ್ಷರವೂ ಉಳಿಯದ ನುಚ್ಚು ಬೇಕಾದಷ್ಟಿದೆ. ಹತ್ತರಲ್ಲಿ ಮೂರು ಚೂರುಗಳನ್ನು ಓದಲಾಗಲಿಲ್ಲ ಎಂಬ ಕಾರಣಕ್ಕೆ ಅಜ್ಜನ ಜಮೀನಿನ ಹತ್ತರಲ್ಲಿ ಮೂರು ಪಾಲು ಪರಲೋಕದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಮರುಭೂಮಿಯ ಮಣ್ಣಿನ ಎಷ್ಟೋ ಸೂಕ್ಷ್ಮಾಣುಗಳು ಯಾವ ಸಂಗ್ರಹದಲ್ಲಿಯೂ ದಾಖಲಾಗಿಲ್ಲ. ಕೆಲವು ತುಣುಕುಗಳು ತೀರ ಚಿಕ್ಕವಾದ್ದರಿಂದ ಇಂಥ ಜೀವಿಯದೆಂದು ಹೇಳಲಾಗುವುದಿಲ್ಲ. ಆದ್ದರಿಂದ ಆ 30 ಎಂಬುದು ಪುಡಿಯಲ್ಲಿ ಗುರುತು ಸಿಗದೆ ಉಳಿದ ತುಣುಕುಗಳ ಲೆಕ್ಕ. ದೇಹದ ವಂಶವಾಹಿಯಲ್ಲಿ ಶೇಕಡ 30 ಬೇರೆಯಾಗಿದೆ ಎಂಬ ಲೆಕ್ಕವೇ ಅಲ್ಲ. ಎರಡಕ್ಕೂ ಶೇಕಡ ಎಂಬ ಒಂದೇ ಗುರುತು ಬಳಸುವುದರಿಂದ ಕಿವಿಗೆ ಒಂದೇ ರೀತಿ ಕೇಳಿಸುತ್ತದೆ, ಅಷ್ಟೆ. ಡಿಎನ್‌ಎ ಸರಪಳಿಯ ನಾಲ್ಕು ಬಗೆಯ ರಾಸಾಯನಿಕ ಕೊಂಡಿಗಳನ್ನು ಅಕ್ಷರಗಳೆನ್ನುತ್ತಾರೆ. ನಮಗೂ ಚಿಂಪಾಂಜಿಗೂ ಅಕ್ಷರಕ್ಕೆ ಅಕ್ಷರ ಜೋಡಿಸಿ ನೋಡಬಹುದಾದ ಭಾಗಗಳಲ್ಲಿ ಇರುವ ವ್ಯತ್ಯಾಸವೇ ಶೇಕಡ ಒಂದು ಚಿಲ್ಲರೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಮನುಷ್ಯರಂತೆ ಕೈಕಾಲು ಇದ್ದು ಶೇಕಡ 30 ಬೇರೆಯಾದ ಜೀವಿ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಅಂದಹಾಗೆ, ಈ ಮಮ್ಮಿಗಳವೆಂದು ಸಾರ್ವಜನಿಕ ದತ್ತಸಂಚಯಕ್ಕೆ ಹಾಕಲಾದ ಮಾದರಿಗಳ ಪೈಕಿ ಒಂದರಲ್ಲಿ ಗುರುತು ಸಿಕ್ಕ ತುಣುಕುಗಳ ಗಣನೀಯ ಪಾಲು ಬೀನ್ಸ್ ಗಿಡದ್ದು. ನಾವು ಪಲ್ಯಕ್ಕೆ ಹೆಚ್ಚುವ ಬೀನ್ಸ್, ರಾಜ್ಮಾ ಕಾಳಿನದೂ ಅದೇ ಜಾತಿ. ದಕ್ಷಿಣ ಅಮೆರಿಕದ ಮಣ್ಣಿನಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಿರುವ ಬೆಳೆ ಅದು. ಗುರುತು ಸಿಗದ ಪಾಲಿಗೆ ಸಿಕ್ಕಿದ ಪ್ರಚಾರ, ಗುರುತು ಸಿಕ್ಕ ಬೀನ್ಸಿಗೆ ಸಿಗಲಿಲ್ಲ.

ಇನ್ನೊಂದು ಮಾತು. ಬೇರೆ ಗ್ರಹದಲ್ಲಿ ಸ್ವತಂತ್ರವಾಗಿ ಹುಟ್ಟಿದ ಜೀವವು ನಮ್ಮದೇ ನಾಲ್ಕು ಅಕ್ಷರಗಳ ಡಿಎನ್‌ಎಯನ್ನು, ನಮ್ಮದೇ ವಾಕ್ಯಗಳೊಂದಿಗೆ ಹೊಂದಿರಬೇಕೆಂದು ನಿರೀಕ್ಷಿಸಲು ಕಾರಣವಿಲ್ಲ. ಹೀಗಾಗಿ ಉಳಿದ ಶೇಕಡ 70 ಭೂಮಿಯ ಜೀವಿಗಳೊಡನೆ ಹೊಂದುತ್ತದೆ ಎಂಬುದೇ ಆ ವಸ್ತು ಈ ನೆಲದ್ದೆಂಬುದಕ್ಕೆ ಸಾಕ್ಷಿ.

ವಿಜ್ಞಾನಿಗಳು ಮುಚ್ಚಿಡುತ್ತಾರೆ ಎಂಬ ನಿಮ್ಮ ಅನುಮಾನಕ್ಕೆ ಸೈಬೀರಿಯದ ಡೆನಿಸೋವಾ ಗುಹೆಯ ಕಥೆಗಿಂತ ಒಳ್ಳೆಯ ಉತ್ತರ ನನಗೆ ತೋಚುತ್ತಿಲ್ಲ. ಅಲ್ಲಿ ಸಿಕ್ಕ ಕಿರುಬೆರಳಿನ ಮೂಳೆಯ ಚೂರೊಂದರಿಂದ ಪ್ರಾಚೀನ ಡಿಎನ್‌ಎ ತಜ್ಞ ಸ್ವಾಂಟೆ ಪಾಬೊ ಅವರ ತಂಡ ಮೈಟೊಕಾಂಡ್ರಿಯದ, ಅಂದರೆ ಜೀವಕೋಶದೊಳಗಿನ ಪುಟ್ಟ ಶಕ್ತಿಕೇಂದ್ರಗಳ, ಡಿಎನ್‌ಎಯನ್ನು ಓದಿತು. ಸುಮಾರು 16,500 ಅಕ್ಷರಗಳ ಆ ಪಠ್ಯದಲ್ಲಿ, ಅಳಿದುಹೋದ ಮಾನವ ಬಳಗವಾದ ನಿಯಾಂಡರ್ತಾಲರು ನಮಗಿಂತ ಸರಾಸರಿ 202 ಕಡೆ ಬೇರೆಯಾದರೆ, ಈ ಬೆರಳಿನವರು 385 ಕಡೆ ಬೇರೆಯಾಗಿದ್ದರು. ಹಿಂದೆಂದೂ ಹೆಸರೇ ಕೇಳದ ಮಾನವ ಬಳಗವೊಂದು ಬೆರಳ ತುದಿಯಲ್ಲಿ ಸಿಕ್ಕಿತ್ತು. ಆ ತಂಡ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. 2010ರಲ್ಲಿಯೇ ಪ್ರಕಟಿಸಿತು, 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ನಿಜವಾದ ಅಪರಿಚಿತ ಡಿಎನ್‌ಎ ಹೇಗಿರುತ್ತದೆ ಎಂಬುದನ್ನೂ ಇಲ್ಲಿಯೇ ನೋಡಬಹುದು. ಅಕ್ಷರ ಎಲ್ಲೆಲ್ಲಿ ಬದಲಾಗಿದೆ, ಎಷ್ಟು ಬದಲಾಗಿದೆ ಎಂದು ಎಣಿಸಿ ಹೇಳಬಹುದು, ಮತ್ತು ಮಾನವರ ವಂಶವೃಕ್ಷದಲ್ಲಿ ಅದಕ್ಕೊಂದು ಕೊಂಬೆ ಇರುತ್ತದೆ. ಪಪುವಾ ನ್ಯೂಗಿನಿಯ ಜನರಲ್ಲಿ ಆ ಬಳಗದ ರಕ್ತದ ಅಂಶ ಇಂದಿಗೂ ಉಳಿದಿದೆ.

ಹಾಗೆಂದು ವಿಜ್ಞಾನಿಗಳು ಎಡವಿಲ್ಲವೆಂದು ನಾನು ವಾದಿಸುವುದಿಲ್ಲ. ಇದೇ ಪಾಬೊ 1985ರಲ್ಲಿ ಈಜಿಪ್ಟಿನ ಮಮ್ಮಿಯೊಂದರಿಂದ ತೆಗೆದೆನೆಂದು ಪ್ರಕಟಿಸಿದ ಡಿಎನ್‌ಎ ಇಂದಿನ ಮನುಷ್ಯರ ಬೆರಕೆಯಾಗಿರಬೇಕೆಂದು ಆಮೇಲೆ ತಿಳಿಯಿತು. 1994ರಲ್ಲಿ 8 ಕೋಟಿ ವರ್ಷ ಹಳೆಯ ಮೂಳೆಯದೆಂದು, ಡೈನೋಸಾರ್‌ನದಿರಬಹುದೆಂದು ಪ್ರಕಟವಾದದ್ದು ಮನುಷ್ಯರ ಡಿಎನ್‌ಎ ಆಗಿತ್ತು. ಈ ಪೆಟ್ಟುಗಳಿಂದಲೇ ಮೇಲೆ ಹೇಳಿದ ಕಟ್ಟುಪಾಡುಗಳು ಬಂದವು. ಇಂದು ತುಣುಕಿನ ತುದಿಗಳನ್ನು ನೋಡುತ್ತಾರೆ: ಕಾಲಕ್ರಮದಲ್ಲಿ ತುದಿಯ ‘ಸಿ’ ಅಕ್ಷರ ಕೆಟ್ಟು ಯಂತ್ರಕ್ಕೆ ‘ಟಿ’ಯಾಗಿ ಕಾಣುತ್ತದೆ. ಈ ಸವೆತ ಇಲ್ಲದ ತುಣುಕು ಎಷ್ಟೇ ಹಳೆಯ ಮೂಳೆಯಿಂದ ಬಂದಿದ್ದರೂ ನಿನ್ನೆಯದಿರಬಹುದೆಂದು ಶಂಕಿಸಬೇಕಾಗುತ್ತದೆ.

ಇನ್ನು ಚಿಲಿಯ ಅಸ್ಥಿಪಂಜರ. 2003ರಲ್ಲಿ ಅಟಕಾಮ ಮರುಭೂಮಿಯ ಲಾ ನೊರಿಯಾ ಎಂಬ ಪಾಳುಬಿದ್ದ ಗಣಿ ಊರಿನ ಚರ್ಚಿನ ಬಳಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನೇರಳೆ ಬಣ್ಣದ ರಿಬ್ಬನ್ ಕಟ್ಟಿದ್ದ ಸ್ಥಿತಿಯಲ್ಲಿ ಅದು ಸಿಕ್ಕಿತು. ಉದ್ದ ಸುಮಾರು 6 ಅಂಗುಲ, ತಲೆ ಮೇಲಕ್ಕೆ ಚೂಪು, ಪಕ್ಕೆಲುಬು ಹನ್ನೆರಡು ಜೊತೆಯ ಬದಲು ಹತ್ತೇ ಜೊತೆ. ಕೈಯಿಂದ ಕೈಗೆ ಮಾರಾಟವಾಗಿ ಸ್ಪೇನಿನ ಖಾಸಗಿ ಸಂಗ್ರಹವೊಂದನ್ನು ಸೇರಿತು, 2013ರಲ್ಲಿ ಸಾಕ್ಷ್ಯಚಿತ್ರವೊಂದರಲ್ಲಿ ಅನ್ಯಗ್ರಹ ಜೀವಿಯ ಚರ್ಚೆಗೆ ವಸ್ತುವಾಯಿತು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ಯಾರಿ ನೋಲನ್ ಅವರ ತಂಡ ಅದರ ಡಿಎನ್‌ಎ ಓದಿದಾಗ ಇಲ್ಲಿಯೂ ಮೊದಲಿಗೆ ಸುಮಾರು ಶೇಕಡ 8 ಹೊಂದಲಿಲ್ಲ. ಮಾದರಿ ಶಿಥಿಲವಾಗಿದ್ದುದೇ ಕಾರಣವೆಂದು ಆಮೇಲೆ ಗೊತ್ತಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದು ಚಿಲಿಯ ಮೂಲದ ಒಂದು ಹೆಣ್ಣುಮಗು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆ ತಂಡ ಮುಂದುವರಿದು, ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಹಲವು ವಂಶವಾಹಿಗಳಲ್ಲಿ ದೋಷಗಳಿವೆ, ಆ ವಿಚಿತ್ರ ಆಕಾರಕ್ಕೆ ಅವು ಕಾರಣವಿರಬಹುದು ಎಂದಿತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಿಯಾನ್ ಹ್ಯಾಲ್‌ಕ್ರೋ ಮತ್ತು ಅವರ ಜೊತೆಗಾರರು, ಎಳೆಯ ಮಕ್ಕಳ ಮೂಳೆಗಳನ್ನು ನೋಡಿಯೇ ಪಳಗಿದವರು, ಇದನ್ನು ಒಪ್ಪಲಿಲ್ಲ. ಸುಮಾರು 15 ವಾರಗಳ ಭ್ರೂಣದಲ್ಲಿ ಕೊನೆಯ ಪಕ್ಕೆಲುಬುಗಳು ಇನ್ನೂ ಮೂಡಿರುವುದಿಲ್ಲ, ಆ ಎಳೆತನದಲ್ಲಿ ತಲೆ ಒತ್ತಿ ಉದ್ದವಾಗುವುದೂ ಸಹಜ, ವಿಚಿತ್ರವೇ ಇಲ್ಲದ ಕಡೆ ಕಾರಣ ಹುಡುಕಿದ್ದೀರಿ ಎಂಬುದು ಅವರ ವಾದ. ನನಗೆ ಅವರ ಮಾತೇ ಸರಿಯೆನಿಸುತ್ತದೆ. ಅದು ಬಹಳ ಹಳೆಯ ಕಾಲದ್ದೂ ಅಲ್ಲ, ಕೆಲವು ದಶಕಗಳ ಹಿಂದಿನದಿರಬಹುದು. ಅಂದರೆ ಆ ರಿಬ್ಬನ್ ಕಟ್ಟಿದ ತಾಯಿ ಇನ್ನೂ ಬದುಕಿರಲು ಸಾಧ್ಯವಿದೆ. ಅಗೆದು ಮಾರಿದ ಶಿಶುವಿನ ಮೇಲೆ ಯಾರನ್ನೂ ಕೇಳದೆ ಸಂಶೋಧನೆ ನಡೆಸಿದ್ದನ್ನು ಚಿಲಿಯ ವಿದ್ವಾಂಸರು ಖಂಡಿಸಿದರು. ನಿಮ್ಮ ಪತ್ರದಲ್ಲಿ ಆ ಮಗುವನ್ನು ‘ಅದು’, ‘ಆ ಜೀವಿ’ ಎಂದು ಏಳೆಂಟು ಕಡೆ ಬರೆದಿದ್ದೀರಿ. ಮೇಲಿನ ಪ್ಯಾರಾದಲ್ಲಿ ನಾನೂ ಎಷ್ಟೋ ಸಲ ‘ಅದು’ ಎಂದೇ ಬರೆದಿರುವುದು ಈಗ ಗಮನಕ್ಕೆ ಬರುತ್ತಿದೆ.

ಕೊನೆಗೆ ನಿಮ್ಮ ಮೋರೇರ ಬೆಟ್ಟ. ಚಪ್ಪಡಿ ಕಲ್ಲಿನ ಗೋಡೆಗಳು, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ, ಮೇಲೊಂದು ಚಪ್ಪಡಿಯ ಮಾಡು ಇರುವ ಈ ರಚನೆಗಳಲ್ಲಿ ಮೋರೇರು ಎಂಬ ಕುಳ್ಳರು ವಾಸಿಸುತ್ತಿದ್ದರು ಎಂದು ನಿಮ್ಮ ಕಡೆ ಹೇಳುತ್ತಾರೆ. ಕಿಂಡಿಯ ಅಳತೆ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜವೇ. ಅವು ಕಬ್ಬಿಣ ಯುಗದ ಜನರು ಕಟ್ಟಿದ ಶಿಲಾಸಮಾಧಿಗಳು, ಅಲ್ಲಿ ಸುಮಾರು ನಾನೂರು ಇವೆ. ಆ ಚಪ್ಪಡಿಗಳನ್ನು ಬಂಡೆಯಿಂದ ಸೀಳಿ ನಿಲ್ಲಿಸಿದವರು, ಗುಡ್ಡದ ಮೇಲಿನ ನಗಾರಿ ಕಲ್ಲನ್ನು ಬಡಿದವರು ನಮ್ಮ ನಿಮ್ಮಂತಹ ಆಳುಗಳೇ. ಅವರ ಡಿಎನ್‌ಎ ಸಿಗಬಾರದೇ ಎಂಬ ನಿಮ್ಮ ಆಸೆ ನನ್ನದೂ ಹೌದು. ಆದರೆ ನಮ್ಮ ಬಿಸಿಲು ಮಳೆಗೆ ಡಿಎನ್‌ಎ ಉಳಿಯುವುದು ಕಷ್ಟ. ಹರಿಯಾಣದ ರಾಖಿಗಢಿಯ ಹರಪ್ಪ ಕಾಲದ ಸ್ಮಶಾನದಿಂದ 61 ಮಾದರಿಗಳನ್ನು ಪರೀಕ್ಷಿಸಿದಾಗ ಉಪಯೋಗಕ್ಕೆ ಬಂದದ್ದು ಒಂದೇ ಒಂದು, ಒಬ್ಬ ಮಹಿಳೆಯದು. 2019ರಲ್ಲಿ ಪ್ರಕಟವಾದ ಫಲಿತಾಂಶ ನಿಂತಿರುವುದು ಆಕೆಯ ಮೇಲೆ. ಅದೇ ವರ್ಷ ವರದಿಯಾದಂತೆ, ಹಿಮಾಲಯದ ರೂಪಕುಂಡ ಸರೋವರದಲ್ಲಿ 38 ಜನರ ಡಿಎನ್‌ಎ ದೊರೆತದ್ದು ಐದು ಸಾವಿರ ಮೀಟರ್ ಎತ್ತರದ ಚಳಿಯಿಂದಾಗಿ.

ಡಬ್ಬಿಯಲ್ಲಿಟ್ಟಿರುವ ಚೂರನ್ನು ತೊಳೆಯಬೇಡಿ, ಇನ್ನು ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಡಬ್ಬಿಯಾಗಿದ್ದರೆ ಒಣ ಕಾಗದದ ಲಕೋಟೆಗೆ ಬದಲಾಯಿಸಿ, ಯಾವ ಗೋರಿಯ ಯಾವ ಬದಿಯಲ್ಲಿ ಯಾವ ದಿನ ಸಿಕ್ಕಿತೆಂದು ಅದರ ಮೇಲೆ ಬರೆದು, ಪುರಾತತ್ವ ಇಲಾಖೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಅಂತಹ ಸ್ಥಳದಿಂದ ಏನನ್ನೂ ಎತ್ತಿಕೊಂಡು ಬರಬಾರದಿತ್ತು ಎಂಬುದನ್ನು ಅವರೇ ನಿಮಗೆ ಹೇಳುತ್ತಾರೆ. ನೀವು ಲಗತ್ತಿಸಿದ ಫೋಟೊವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ನೋಡಿದೆವು. ಬೆಟ್ಟದಲ್ಲಿ ಮೇಯುವ ಆಡಿನ ಮುಂಗಾಲಿನ ಮೂಳೆಯಂತೆ ಕಾಣುತ್ತದೆ. ಹೌದೋ ಅಲ್ಲವೋ ತಿಳಿಯಲು ಡಿಎನ್‌ಎ ಪರೀಕ್ಷೆ ಬೇಕಾಗಲಾರದು, ಅದೇ ಫೋಟೊವನ್ನು ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿದರೆ ಸಾಕು.

— ಸಂಪಾದಕ